ಮೊಟ್ಟೆ ಆಗದ ಮಗುವಿಗೆ ಲಸಿಕೆ: ನುಗ್ಗೇಹಳ್ಳಿಯ ಎಂಟನೇ ತರಗತಿಯಲ್ಲಿ ಮಾಡಿದ ಎರಡು ಪಾಠಗಳು

ತರಗತಿ: 8. ವಿಷಯ: ವಿಜ್ಞಾನ. ಘಟಕ: ಸೂಕ್ಷ್ಮಜೀವಿಗಳು – ಮಿತ್ರ ಮತ್ತು ಶತ್ರು. ಉಪಘಟಕ: ಲಸಿಕೆ. ಅವಧಿ: ತಲಾ 40 ನಿಮಿಷದ ಎರಡು ಪಾಠ.

ಬೋಧನಾಭ್ಯಾಸದ ನಾಲ್ಕನೇ ವಾರ ನುಗ್ಗೇಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ನನಗೆ ಎಂಟನೇ ತರಗತಿಯ ವಿಜ್ಞಾನ ಸಿಕ್ಕಿತು. ಮೊಸರಿನ ಹೆಪ್ಪು, ಇಡ್ಲಿ ಹಿಟ್ಟು ಉಬ್ಬುವುದು, ಬ್ರೆಡ್ಡಿನ ಮೇಲಿನ ಬೂಷ್ಟು ಇವೆಲ್ಲ ಸಲೀಸಾಗಿ ಸಾಗಿದವು. ಮಕ್ಕಳ ಮನೆಯಲ್ಲೇ ಇರುವ ಸಂಗತಿಗಳಾದ್ದರಿಂದ ಪಾಠ ಅರ್ಧ ಅವರೇ ಮಾಡಿದರು. ಲಸಿಕೆಯ ಪಾಠಕ್ಕೆ ಬಂದಾಗ ನಾನು ಎಡವಿದೆ. ಎಡವಿದ್ದು ಎಲ್ಲಿ, ಮುಂದಿನ ವಾರ ಅದೇ ಪಾಠವನ್ನು ಮತ್ತೆ ಮಾಡಬೇಕಾಗಿ ಬಂದದ್ದು ಏಕೆ ಎಂಬುದನ್ನು ಈ ಬರಹದಲ್ಲಿ ಹೇಳುತ್ತೇನೆ. ಸಹಪಾಠಿಗಳಲ್ಲಿ ಯಾರಿಗಾದರೂ ಇದೇ ಘಟಕ ಬಂದರೆ ಪಾಠಯೋಜನೆ ಬರೆಯುವ ಮೊದಲು ಇದನ್ನೊಮ್ಮೆ ಓದಲಿ ಎಂಬ ಆಸೆ.

ಪೀಠಿಕೆಯ ಪ್ರಶ್ನೆಯನ್ನು ನಾನು ಚೆನ್ನಾಗಿಯೇ ಯೋಚಿಸಿದ್ದೆ ಎಂದುಕೊಂಡಿದ್ದೆ. 2022ರ ಡಿಸೆಂಬರಿನಲ್ಲಿ ರಾಜ್ಯದ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಜಪಾನೀಸ್ ಎನ್‌ಸೆಫಲೈಟಿಸ್, ಅಂದರೆ ಜನ ಮೆದುಳು ಜ್ವರ ಎನ್ನುವ ರೋಗದ ವಿರುದ್ಧ ಲಸಿಕೆ ಅಭಿಯಾನ ನಡೆದಿತ್ತು. ಹಾಸನ ಜಿಲ್ಲೆಯೂ ಅದರಲ್ಲಿತ್ತು. ಮೊದಲು ಶಾಲೆಗಳಲ್ಲಿ, ನಂತರ ಆರೋಗ್ಯ ಕೇಂದ್ರ, ಅಂಗನವಾಡಿಗಳಲ್ಲಿ ಹಾಕಿದರು. ನನ್ನ ಎಂಟನೇ ತರಗತಿಯ ಮಕ್ಕಳು ಆಗ ಆರನೇ ತರಗತಿಯಲ್ಲಿದ್ದರು. ನೆನಪು ಇದ್ದೇ ಇರುತ್ತದೆ. ಹಾಗಾಗಿ ಕೇಳಿದೆ: “ಎರಡು ವರ್ಷದ ಹಿಂದೆ ಸ್ಕೂಲಲ್ಲಿ ಮೆದುಳು ಜ್ವರದ ಸೂಜಿ ಯಾರ್ಯಾರು ಹಾಕಿಸಿಕೊಂಡಿರಿ?”

ಕೈಗಳು ಎದ್ದವು. ಕಿಟಕಿಯ ಪಕ್ಕದ ಸಾಲಿನಲ್ಲಿ ಒಬ್ಬಳು ಮಾತ್ರ ಕೈ ಎತ್ತಲಿಲ್ಲ. ಅವತ್ತು ರಜೆ ಹಾಕಿದ್ದಿರಬೇಕು ಎಂದುಕೊಂಡು ಕೇಳಿದೆ.

“ನಂಗೆ ಮೊಟ್ಟೆ ಆಗಲ್ಲ ಮಿಸ್. ಅದ್ಕೆ ಹಾಕ್ಲಿಲ್ಲ.”

“ಸೂಜಿಗೂ ಮೊಟ್ಟೆಗೂ ಏನಮ್ಮ ಸಂಬಂಧ? ಲಸಿಕೇಲಿ ಮೊಟ್ಟೆ ಎಲ್ಲಿರುತ್ತೆ? ಏನೂ ಆಗಲ್ಲ” ಎಂದು ನಕ್ಕು ಮುಂದಕ್ಕೆ ಹೋಗಲು ನೋಡಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. “ಇಲ್ಲ ಮಿಸ್, ಕೋಳಿಮೊಟ್ಟೆ ಒಳಗೇ ಲಸಿಕೆ ಬೆಳೆಸ್ತಾರೆ. ನಮ್ಮಣ್ಣ ಮೊಬೈಲಲ್ಲಿ ತೋರ್ಸಿದಾನೆ. ಮೊಟ್ಟೆ ಸಾಲಾಗಿ ಇಟ್ಟು ಸೂಜಿ ಚುಚ್ತಾರೆ.”

ಬಿಎಸ್ಸಿಯಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಓದಿದ್ದ ನನಗೆ ಅವನು ಹೇಳಿದ್ದು ಸುಳ್ಳಲ್ಲ ಎಂದು ಆ ಕ್ಷಣವೇ ನೆನಪಾಯಿತು. ಆದರೆ ಯಾವ ಲಸಿಕೆ, ಎಷ್ಟು ಮೊಟ್ಟೆ, ಅವಳು ತಪ್ಪಿಸಿಕೊಂಡ ಲಸಿಕೆ ಅದೇ ಹೌದೋ ಅಲ್ಲವೋ, ಒಂದೂ ಬಾಯಿಗೆ ಬರಲಿಲ್ಲ. “ಅದನ್ನ ಆಮೇಲೆ ನೋಡೋಣ” ಎಂದು ಎಡ್ವರ್ಡ್ ಜೆನ್ನರ್ ಕಡೆಗೆ ತಿರುಗಿದೆ. ಪಾಠ ಮುಗಿದ ಮೇಲೆ ಮಾರ್ಗದರ್ಶಕ ಮೇಷ್ಟ್ರು ಅವಲೋಕನ ಪುಸ್ತಕದಲ್ಲಿ ಹೀಗೆ ಬರೆದರು: “ಧ್ವನಿ, ಕಪ್ಪುಹಲಗೆ ಬಳಕೆ ಚೆನ್ನಾಗಿದೆ. ಉತ್ತರ ಖಚಿತವಿಲ್ಲದಾಗ ‘ಏನೂ ಆಗಲ್ಲ’ ಎನ್ನಬೇಡಿ. ನಾಳೆ ತಿಳಿದು ಹೇಳುತ್ತೇನೆ ಎನ್ನಿ.” ಈ ವರ್ಷ ಸಿಕ್ಕ ಷರಾಗಳಲ್ಲಿ ನನಗೆ ಬಹಳ ಚುಚ್ಚಿದ್ದು ಇದೇ.

ಅವತ್ತು ಮಧ್ಯಾಹ್ನ ಬಿಸಿಯೂಟದ ಹೊತ್ತಿನಲ್ಲಿ ಇನ್ನೊಂದು ವಿಷಯ ಗಮನಿಸಿದೆ. ಶಾಲೆಗಳಲ್ಲಿ ಈಗ ಮೊಟ್ಟೆ ಕೊಡುತ್ತಾರೆ, ಬೇಡದವರಿಗೆ ಬಾಳೆಹಣ್ಣು. ಈ ಹುಡುಗಿಯ ಹೆಸರು ಬಾಳೆಹಣ್ಣಿನ ಪಟ್ಟಿಯಲ್ಲಿತ್ತು. ಆದರೆ ಮನೆಯಲ್ಲಿ ಮೊಟ್ಟೆ ತಿನ್ನುವ ಪದ್ಧತಿ ಇಲ್ಲದ ಮಕ್ಕಳ ಹೆಸರಿನ ಜೊತೆಗೇ ಇತ್ತು. ತಿನ್ನದವರು ಯಾರು, ತಿಂದರೆ ಆಗದವರು ಯಾರು ಎಂದು ಆ ಪಟ್ಟಿಯಿಂದ ಗೊತ್ತಾಗುವುದಿಲ್ಲ. ಮೊದಲನೆಯದು ರೂಢಿ, ಎರಡನೆಯದು ದೇಹದ ತೊಂದರೆ, ಶಿಕ್ಷಕರಿಗೆ ಗೊತ್ತಿರಲೇಬೇಕಾದದ್ದು. ಅವಳ ತರಗತಿ ಶಿಕ್ಷಕರಿಗೂ ಅದು ಅವತ್ತೇ ತಿಳಿಯಿತು.

ಗುರುವಾರ ಲಸಿಕೆ ದಿನ. ಬಿಡುವಿನ ಅವಧಿಯಲ್ಲಿ ಲಸಿಕೆ ಹಾಕುವ ಸಿಸ್ಟರನ್ನು ಹುಡುಕಿಕೊಂಡು ಹೋದೆ. ಬಾಣಂತಿಯರು, ಅಜ್ಜಿಯರು, ಅಳುವ ಕೂಸುಗಳ ನಡುವೆ ಅವರು ನನ್ನ ಪ್ರಶ್ನೆಗೆ ಸಮಯ ಕೊಟ್ಟದ್ದೇ ಹೆಚ್ಚು. “ಮೊಟ್ಟೆ ಆಗಲ್ಲ, ಬದನೆಕಾಯಿ ಆಗಲ್ಲ ಅಂತ ದಿನಾ ಯಾರಾದ್ರೂ ಹೇಳ್ತಾರೆ. ನಾವು ಮುಖ್ಯವಾಗಿ ಕೇಳೋದು, ಹಿಂದಿನ ಸಲ ಇದೇ ಸೂಜಿ ಹಾಕಿದಾಗ ಏನಾದ್ರೂ ಜೋರಾಗಿ ಆಗಿತ್ತಾ ಅಂತ” ಎಂದರು. ಆಮೇಲೆ ಮೇಜಿನ ಮೇಲಿದ್ದ ಪುಟ್ಟ ಡಬ್ಬಿ ತೆರೆದು ತೋರಿಸಿದರು. ಅಡ್ರಿನಲಿನ್ ಆಂಪೂಲ್‌ಗಳು, ಸಣ್ಣ ಸಿರಿಂಜು, ವಯಸ್ಸಿಗೆ ತಕ್ಕ ಪ್ರಮಾಣ ಬರೆದ ಚೀಟಿ. ಲಸಿಕೆ ಹಾಕುವ ಜಾಗದಲ್ಲೆಲ್ಲ ಇದು ಇರಬೇಕು, ತೀವ್ರ ಅಲರ್ಜಿ ಕಂಡರೆ ತೊಡೆಯ ಹೊರಭಾಗದ ಸ್ನಾಯುವಿಗೆ ಒಂದು ಡೋಸ್ ಕೊಟ್ಟು ಆಸ್ಪತ್ರೆಗೆ ಕಳಿಸುವ ತರಬೇತಿ ತಮಗೂ ಆಗಿದೆ ಎಂದರು. ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಕೂರಿಸುವುದು ಇದಕ್ಕೇ. ನಾನು ಇಷ್ಟು ವರ್ಷ ಅದನ್ನು ಸುಮ್ಮನೆ ಕಾಯಿಸುವುದು ಎಂದುಕೊಂಡಿದ್ದೆ.

ಶುಕ್ರವಾರ ಹುಡುಗಿಯ ತಾಯಿ ಶಾಲೆಗೆ ಬಂದರು. ತರಗತಿ ಶಿಕ್ಷಕರೂ ಜೊತೆಗಿದ್ದರು.

“ಏನಾಗಿತ್ತು ಅಕ್ಕ, ಮೊಟ್ಟೆ ತಿಂದಾಗ?”

“ಮೂರು ವರ್ಷದ ಕೂಸು ಮೇಡಂ. ಬೇಯಿಸಿದ್ ಮೊಟ್ಟೆ ಅರ್ಧ ತಿಂದ್ಲು. ಕಾಲ್ಗಂಟೆ ಆಗಿರ್ಬೋದು, ಮೈಯೆಲ್ಲ ಗಂಧೆ ಎದ್ಬಿಡ್ತು, ತುಟಿ ಊದ್ಕಂತು, ಎರಡು ಸತಿ ವಾಂತಿ. ಚನ್ನರಾಯಪಟ್ಟಣಕ್ಕೆ ಎತ್ಕಂಡು ಹೋದೋ. ಅವತ್ತಿಂದ ಮೊಟ್ಟೆ ಕೊಟ್ಟಿಲ್ಲ.”

ಇದು ನಂಜಲ್ಲ, ಉಷ್ಣವಲ್ಲ. ಹೇಳಿದ ಲಕ್ಷಣ, ಹಿಡಿದ ಸಮಯ ಎರಡೂ ನಿಜವಾದ ಆಹಾರ ಅಲರ್ಜಿಯದ್ದೇ. ‘ಏನೂ ಆಗಲ್ಲ’ ಎಂದು ನಕ್ಕಿದ್ದೆನಲ್ಲ, ಆಗ ನನಗೆ ನಾಚಿಕೆಯಾಯಿತು. ಅಭಿಯಾನದ ಸಮಯದಲ್ಲಿ ಆಗಿದ್ದಿಷ್ಟು: ಅಲರ್ಜಿ ಇದೆಯಾ ಎಂದು ಯಾರೋ ಕೇಳಿದರು, ತಾಯಿ ಇದೆ ಎಂದರು, ಹಾಗಾದರೆ ಡಾಕ್ಟರನ್ನು ಕೇಳಿಕೊಂಡು ಬನ್ನಿ ಎಂದು ಮಗುವನ್ನು ಪಕ್ಕಕ್ಕೆ ಕೂರಿಸಿದರು. ಕೇಳಲು ಹೋಗಬೇಕಾದ ದಿನ ರಾಗಿ ಕೊಯ್ಲಿತ್ತು. ಮತ್ತೆ ಯಾರೂ ಕೇಳಲಿಲ್ಲ, ಇವರೂ ಹೋಗಲಿಲ್ಲ. ವಿಷಯ ಅಲ್ಲಿಗೇ ನಿಂತಿದ್ದರೆ ಒಂದು ಲಸಿಕೆ ತಪ್ಪಿತು ಎನ್ನಬಹುದಿತ್ತು. ಆದರೆ ಅವಳಿಗೊಬ್ಬ ತಮ್ಮನಿದ್ದಾನೆ, ನಾಲ್ಕು ವರ್ಷ ದಾಟಿದವನು. ಅಕ್ಕನಿಗೇ ಆಗದ ಮೇಲೆ ಇವನಿಗೂ ಬೇಡವೆಂದು ಅಜ್ಜಿ ಅಂದರಂತೆ. ತಾಯಿ ಕಾರ್ಡ್ ತರಿಸಿ ನೋಡಿದರೆ ಒಂದೂವರೆ ವರ್ಷಕ್ಕೆ ಹಾಕಬೇಕಿದ್ದ ಎಂಆರ್ ಎರಡನೇ ಡೋಸಿನ ಮನೆ ಖಾಲಿ. ದಡಾರ, ರುಬೆಲ್ಲಾ ಎರಡನ್ನೂ ತಡೆಯುವ ಲಸಿಕೆ ಅದು. ಅವನಿಗೆ ಮೊಟ್ಟೆ ಆಗುತ್ತದೋ ಇಲ್ಲವೋ ಎಂದು ಯಾರೂ ನೋಡಿಯೇ ಇರಲಿಲ್ಲ. ಅವನ ಬಾಯಿಗೆ ಮೊಟ್ಟೆಯನ್ನೇ ಇಟ್ಟಿರಲಿಲ್ಲ. ನಮ್ಮ ಪಟ್ಟಿಯ ಪ್ರಕಾರ ತಪ್ಪಿದ ಎಂಆರ್ ಡೋಸನ್ನು ಐದು ವರ್ಷದೊಳಗೆ ಹಾಕಿಸಬೇಕು. ಅವನಿಗೆ ಐದು ತುಂಬಲು ಉಳಿದದ್ದು ಮೂರು ತಿಂಗಳು.

ಶನಿವಾರ, ಭಾನುವಾರ ಓದಲು ಕೂತೆ. ಓದಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಎಂಟನೇ ತರಗತಿಯ ಪುಸ್ತಕದಲ್ಲಿ ಸತ್ತ ಅಥವಾ ದುರ್ಬಲಗೊಳಿಸಿದ ಸೂಕ್ಷ್ಮಜೀವಿ ಎಂದಷ್ಟೇ ಇದೆ. ಆ ಸೂಕ್ಷ್ಮಜೀವಿಯನ್ನು ಬೆಳೆಸಿದ್ದು ಎಲ್ಲಿ ಎಂಬ ಪ್ರಶ್ನೆ ಅಲ್ಲಿಲ್ಲ. ಹಿಂದಿನ ಬೆಂಚಿನ ಹುಡುಗ ಕೇಳಿದ್ದು ಅದನ್ನೇ.

ವೈರಸ್ಸು ತಾನಾಗಿ ಬೆಳೆಯುವುದಿಲ್ಲ, ಜೀವಕೋಶ ಬೇಕು. 1931ರಲ್ಲಿ ಅಮೆರಿಕದ ಅರ್ನೆಸ್ಟ್ ಗುಡ್‌ಪಾಶ್ಚರ್ ಮತ್ತು ಅಲಿಸ್ ವುಡ್‌ರಫ್ ಕೋಳಿ ಸಿಡುಬಿನ ವೈರಸ್ಸನ್ನು ಮರಿಗಟ್ಟುತ್ತಿರುವ ಮೊಟ್ಟೆಯೊಳಗೆ ಬೆಳೆಸಿದರು. ಅಲ್ಲಿಂದ ಮುಂದೆ ಇನ್‌ಫ್ಲುಯೆಂಜಾ ಮತ್ತು ಹಳದಿ ಜ್ವರದ ಲಸಿಕೆಗಳು ಮೊಟ್ಟೆಯಲ್ಲೇ ತಯಾರಾದವು. ಇಂದಿಗೂ ಬಹುಪಾಲು ಹಾಗೆಯೇ. ಹುಡುಗ ಮೊಬೈಲಿನಲ್ಲಿ ನೋಡಿದ್ದು ಇಂಥದ್ದೇ ಇರಬೇಕು. ಆದರೆ ಎಲ್ಲ ಲಸಿಕೆಗಳೂ ಹಾಗಲ್ಲ. ಮೆದುಳು ಜ್ವರಕ್ಕೆ ಭಾರತ್ ಬಯೋಟೆಕ್ ತಯಾರಿಸುವ ಜೆನ್‌ವ್ಯಾಕ್ ಎಂಬ ಲಸಿಕೆ ಇದೆ. ಅದರ ವೈರಸ್ಸು ನಮ್ಮ ಕೋಲಾರದ ರೋಗಿಯೊಬ್ಬರಿಂದ 1980ರ ದಶಕದ ಆರಂಭದಲ್ಲಿ ಬೇರ್ಪಡಿಸಿದ್ದು. ಬೆಳೆಸುವುದು ವೆರೋ ಎಂಬ, ಮೂಲತಃ ಆಫ್ರಿಕಾದ ಹಸಿರು ಕೋತಿಯ ಮೂತ್ರಪಿಂಡದಿಂದ ಬಂದ ಜೀವಕೋಶಗಳಲ್ಲಿ. ಚೀನಾದಲ್ಲಿ ರೂಪುಗೊಂಡ ಇನ್ನೊಂದು ಮೆದುಳು ಜ್ವರದ ಲಸಿಕೆಯನ್ನು ಹ್ಯಾಮ್‌ಸ್ಟರ್ ಎಂಬ ಇಲಿ ಜಾತಿಯ ಪ್ರಾಣಿಯ ಮೂತ್ರಪಿಂಡದ ಜೀವಕೋಶದಲ್ಲಿ ಬೆಳೆಸುತ್ತಾರೆ. ಎರಡರಲ್ಲೂ ಮೊಟ್ಟೆ ಇಲ್ಲ. ಅಂದರೆ ನಮ್ಮ ಹುಡುಗಿ ಮೊಟ್ಟೆಯ ಕಾರಣಕ್ಕೆ ತಪ್ಪಿಸಿಕೊಂಡ ಲಸಿಕೆಗೂ ಮೊಟ್ಟೆಗೂ ಸಂಬಂಧವೇ ಇರಲಿಲ್ಲ.

ತಮ್ಮನ ಎಂಆರ್ ವಿಷಯ ಸ್ವಲ್ಪ ಸೂಕ್ಷ್ಮ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಎಂಆರ್‌ನಲ್ಲಿ ದಡಾರ, ರುಬೆಲ್ಲಾ ಎರಡೂ ವೈರಸ್ಸುಗಳನ್ನು ಮನುಷ್ಯ ಜೀವಕೋಶಗಳಲ್ಲಿ ಬೆಳೆಸುತ್ತಾರೆ. ಬೇರೆ ಕೆಲವು ತಯಾರಿಕೆಗಳಲ್ಲಿ ದಡಾರದ ವೈರಸ್ಸನ್ನು ಕೋಳಿ ಭ್ರೂಣದ ಜೀವಕೋಶದಲ್ಲಿ ಬೆಳೆಸುವುದುಂಟು. ಖಾಸಗಿಯಾಗಿ ಹಾಕಿಸುವ ಎಂಎಂಆರ್‌ನಲ್ಲಿ ಮಂಗಬಾವಿನ ವೈರಸ್ಸನ್ನೂ ಹಾಗೆಯೇ ಬೆಳೆಸುತ್ತಾರೆ. ಆದರೆ ಭ್ರೂಣದ ಜೀವಕೋಶ ಎಂದರೆ ನಾವು ತಿನ್ನುವ ಮೊಟ್ಟೆಯ ಬಿಳಿ ಅಲ್ಲ. ಅಲ್ಲಿ ಮೊಟ್ಟೆಯ ಪ್ರೋಟೀನು ಇದ್ದರೂ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅದನ್ನು ನಂಬಿ ಸುಮ್ಮನಿರಲಿಲ್ಲ, ಪರೀಕ್ಷಿಸಿಯೂ ನೋಡಿದ್ದಾರೆ. 1995ರಲ್ಲಿ ಅಮೆರಿಕದ ವೈದ್ಯರು ಮೊಟ್ಟೆಯ ಅಲರ್ಜಿ ಖಚಿತವಾಗಿದ್ದ 54 ಮಕ್ಕಳಿಗೆ ಎಂಎಂಆರ್ ಲಸಿಕೆಯನ್ನು ಪೂರ್ತಿ ಡೋಸಿನಲ್ಲೇ ಕೊಟ್ಟು ವರದಿ ಮಾಡಿದರು. ಒಂದು ಮಗುವಿಗೂ ತೀವ್ರ ಪ್ರತಿಕ್ರಿಯೆ ಆಗಲಿಲ್ಲ.

ಹಾಗಾದರೆ ಎಂಎಂಆರ್ ಹಾಕಿದ ಮೇಲೆ ಅಪರೂಪಕ್ಕೆ ತೀವ್ರ ಅಲರ್ಜಿ ಆದವರಿಗೆ ಆಗಿದ್ದೇನು? ಬಹಳ ಕಾಲ ಮೊಟ್ಟೆಯ ಮೇಲೆಯೇ ಅನುಮಾನವಿತ್ತು. 1993ರಲ್ಲಿ ಅಮೆರಿಕದ 17 ವರ್ಷದ ಯುವತಿಯೊಬ್ಬಳ ಪ್ರಕರಣದಲ್ಲಿ ಕಾರಣ ಬೇರೆಯೇ ಎಂದು ಗೊತ್ತಾಯಿತು: ಜಿಲಾಟಿನ್. ಲಸಿಕೆ ಕೆಡದಂತೆ ಹಾಕುವ, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಪದಾರ್ಥ. ಜಿಲಾಟಿನ್ ಇರುವ ಸಿಹಿ ತಿಂದಾಗಲೂ ಅವಳಿಗೆ ತೊಂದರೆಯಾಗುತ್ತಿತ್ತು. ಆ ಮೇಲೆ ಜಪಾನಿನಲ್ಲೂ ಇಂಥ ಪ್ರಕರಣಗಳು ಸಿಕ್ಕವು, ಅಲ್ಲಿ ಲಸಿಕೆಗಳಿಂದ ಜಿಲಾಟಿನ್ ತೆಗೆದುಹಾಕಿದರು. ನನಗೆ ಇಲ್ಲಿ ಪಾಠದ ದಾರಿ ಕಂಡಿತು. ‘ನಿನಗೆ ಅಲರ್ಜಿ ಇದೆಯಾ?’ ಎಂಬ ಪ್ರಶ್ನೆ ಬಹಳ ದೊಡ್ಡ ಬಲೆ. ಬದನೆಕಾಯಿ ತಿಂದು ಮೈ ಕೆರೆದುಕೊಂಡವರು, ಹಾಲು ಕುಡಿದು ಹೊಟ್ಟೆ ಉಬ್ಬಿದವರು, ಧೂಳಿಗೆ ಸೀನುವವರು ಎಲ್ಲರೂ ಅದರಲ್ಲಿ ಬೀಳುತ್ತಾರೆ. ಕೇಳಬೇಕಾದದ್ದು ಯಾವ ವಸ್ತುವಿಗೆ, ತಿಂದು ಎಷ್ಟು ಹೊತ್ತಿಗೆ, ಮೈಯಲ್ಲಿ ಏನಾಯಿತು, ಆ ವಸ್ತು ಈ ಲಸಿಕೆಯಲ್ಲಿದೆಯೇ ಎಂದು.

ಈ ಬಲೆ ಎಷ್ಟು ದೊಡ್ಡದು ಎಂಬುದಕ್ಕೆ ನಮ್ಮದೇ ರಾಜ್ಯದ ಲೆಕ್ಕವಿದೆ. ಬೆಂಗಳೂರು ಮತ್ತು ಮೈಸೂರಿನಲ್ಲಿ ಯುರೋಪ್ರಿವಾಲ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಭಾಗವಾಗಿ ವಯಸ್ಕರ ರಕ್ತ ಪರೀಕ್ಷಿಸಿದಾಗ 26.5 ಶೇಕಡಾ ಜನರಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯ ಕಂಡಿತು. ಆದರೆ ಆಹಾರ ಅಲರ್ಜಿ ಇರಬಹುದು ಎನ್ನಬಹುದಾದವರು 1.2 ಶೇಕಡಾ. ಅದೇ ಅಧ್ಯಯನದ ಶಾಲಾ ಮಕ್ಕಳಲ್ಲಿ ಅದು 0.14 ಶೇಕಡಾ. ಬದನೆಕಾಯಿಯ ಮಾತನ್ನೂ ತಳ್ಳಿಹಾಕುವಂತಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಬದನೆಕಾಯಿ ಅಲರ್ಜಿಯನ್ನೇ ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ಅಜ್ಜಿಯರು ನಂಜು ಎನ್ನುವುದರಲ್ಲಿ ಸ್ವಲ್ಪ ನಿಜ ಅಲರ್ಜಿಯೂ ಸೇರಿಕೊಂಡಿದೆ. ಆದರೆ ಬದನೆಕಾಯಿಯಿಂದ ಯಾರೂ ಲಸಿಕೆ ಮಾಡುವುದಿಲ್ಲ.

ಸೋಮವಾರ ಎರಡನೇ ಪಾಠ. ಮೊದಲ ಮಾತೇ ತಪ್ಪೊಪ್ಪಿಗೆ. “ಕಳೆದ ವಾರ ನಾನು ಏನೂ ಆಗಲ್ಲ ಅಂದಿದ್ದು ತಪ್ಪು. ಅವನು ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. ಇವತ್ತು ಇನ್ನರ್ಧ ನೋಡೋಣ.” ಹುಡುಗ ಬೆಂಚಿನ ಮೇಲೆ ನೆಟ್ಟಗೆ ಕೂತ. ಆ ಪಾಠದಲ್ಲಿ ಅವನಷ್ಟು ಗಮನ ಕೊಟ್ಟವರು ಇನ್ನೊಬ್ಬರಿಲ್ಲ.

ಹುಡುಗಿಯನ್ನು ಉದಾಹರಣೆ ಮಾಡಬಾರದು ಎಂದು ಮೊದಲೇ ನಿರ್ಧರಿಸಿದ್ದೆ. ಎಲ್ಲರೂ ತಮಗೆ ಅಥವಾ ಮನೆಯವರಿಗೆ ಆಗದ ಒಂದು ಆಹಾರವನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದರು. ಬದನೆಕಾಯಿ ಎಲ್ಲಕ್ಕಿಂತ ಹೆಚ್ಚು ಬಂತು. ಹಾಲು, ಮೊಟ್ಟೆ, ಮೀನು, ಕಡ್ಲೆಕಾಯಿ, ಪರಂಗಿಹಣ್ಣು. ಒಬ್ಬರು ಉಪ್ಪಿಟ್ಟು ಎಂದೂ ಬರೆದಿದ್ದರು. ಅದು ಅಲರ್ಜಿಯಲ್ಲ, ಬೇಸರ ಎಂದು ತರಗತಿಯೇ ತೀರ್ಮಾನಿಸಿತು. ಹಾಲಿನ ಚೀಟಿಗಳನ್ನು ಎರಡು ಗುಂಪು ಮಾಡಿದೆವು: ಕುಡಿದರೆ ಹೊಟ್ಟೆ ಗುಡುಗುಡು ಎನ್ನುವುದು ಹಾಲಿನ ಸಕ್ಕರೆ ಅರಗದೆ ಆಗುವುದು, ಗಂಧೆ, ಊತ, ಉಬ್ಬಸ ಬಂದರೆ ಮಾತ್ರ ಅಲರ್ಜಿಯ ಮಾತು. ತೆಂಗಿನ ಸೀಮೆಯ ಮಕ್ಕಳಾದ್ದರಿಂದ “ಕಾಯಿ ಅಲರ್ಜಿ ಇದ್ರೆ ಮಿಸ್?” ಎಂಬ ಪ್ರಶ್ನೆಯೂ ಬಂತು. ಲಸಿಕೆಯಲ್ಲಿ ತೆಂಗಿನಕಾಯಿ ಇಲ್ಲ, ಕಡ್ಲೆಕಾಯಿಯೂ ಇಲ್ಲ ಎಂದೆ.

ನಂತರ ನನ್ನ ಮುಖ್ಯ ಚಟುವಟಿಕೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು. ಮೊಟ್ಟೆಯಲ್ಲೇ ಬೆಳೆಸುವ ಇನ್‌ಫ್ಲುಯೆಂಜಾ ಲಸಿಕೆಯ ಒಂದು ಡೋಸಿನಲ್ಲಿ ಉಳಿಯುವ ಮೊಟ್ಟೆ ಪ್ರೋಟೀನು ಸಾಮಾನ್ಯವಾಗಿ 1 ಮೈಕ್ರೋಗ್ರಾಂಗಿಂತ ಕಡಿಮೆ. 6 ಗ್ರಾಂ ಎಂದರೆ 60,00,000 ಮೈಕ್ರೋಗ್ರಾಂ ಎಂದು ಮಕ್ಕಳೇ ಹಲಗೆಯ ಮೇಲೆ ಲೆಕ್ಕ ಮಾಡಿದರು. ಎಂಟು ಗಾಜಿನ ಲೋಟ ಸಾಲಾಗಿ ಇಟ್ಟು ಮೊದಲನೆಯದಕ್ಕೆ ನೀಲಿ ಇಂಕು. ಅದರಿಂದ ಒಂದು ಚಮಚ ತೆಗೆದು ಎರಡನೆಯದಕ್ಕೆ, ಜೊತೆಗೆ ಒಂಬತ್ತು ಚಮಚ ನೀರು. ಎರಡನೆಯದರಿಂದ ಮೂರನೆಯದಕ್ಕೆ. ಕೊನೆಯ ಲೋಟಕ್ಕೆ ಬರುವಾಗ ಇಂಕು ಕೋಟಿಯಲ್ಲೊಂದು ಭಾಗ. ಬಣ್ಣ ಅದಕ್ಕೂ ಎಷ್ಟೋ ಮೊದಲೇ ಕಣ್ಣಿಗೆ ಕಾಣದಾಗಿತ್ತು. ನಾನು ಗೆದ್ದೆ ಎಂದುಕೊಂಡೆ.

ಆಗ ಕಿಟಕಿ ಪಕ್ಕದ ಹುಡುಗಿ, ಅವತ್ತು ಮೊದಲ ಬಾರಿಗೆ ಮಾತಾಡಿದಳು. “ಕಾಣದೇ ಇದ್ರೂ ಇಂಕು ಇದೆ ಅಲ್ವಾ ಮಿಸ್? ನಂಗೆ ದೋಸೆ ಹುಯ್ಯೋ ಕಾವಲೀಲಿ ಆಮ್ಲೆಟ್ ಹಾಕಿದ್ರೂ ಬಾಯಿ ಕಡಿಯತ್ತೆ.”

ಆ ಪ್ರಶ್ನೆಗೆ ನನ್ನ ಎಂಟು ಲೋಟಗಳಲ್ಲಿ ಉತ್ತರವಿರಲಿಲ್ಲ. ಅವಳು ಸರಿ. ಅಲರ್ಜಿ ಇರುವವರಿಗೆ ‘ಸ್ವಲ್ಪವೇ ಇದೆ’ ಎನ್ನುವುದು ಸಮಾಧಾನವಲ್ಲ. ಸ್ವಲ್ಪಕ್ಕೇ ಅವರಿಗೆ ತೊಂದರೆಯಾಗಿರುತ್ತದೆ. ಅಷ್ಟು ಕಡಿಮೆ ಪ್ರಮಾಣದಿಂದ ಏನೂ ಆಗಲಾರದು ಎಂಬುದು ನಮ್ಮ ಊಹೆ. ಊಹೆ ನಿಜವೋ ಅಲ್ಲವೋ ಗೊತ್ತಾಗುವುದು ಅಲರ್ಜಿ ಇರುವ ಮಕ್ಕಳಿಗೇ, ಆಸ್ಪತ್ರೆಯಲ್ಲಿ, ಎಲ್ಲ ತಯಾರಿ ಇಟ್ಟುಕೊಂಡು ಲಸಿಕೆ ಕೊಟ್ಟು ನೋಡಿದಾಗ. ಆಗ ಆ 54 ಮಕ್ಕಳ ಕಥೆ ಹೇಳಿದೆ. ಇನ್‌ಫ್ಲುಯೆಂಜಾ ಲಸಿಕೆಯಲ್ಲೂ ಹೀಗೆ ಕೊಟ್ಟು ನೋಡಿದ ಅನುಭವದ ಮೇಲೆಯೇ 2023ರಲ್ಲಿ ಅಮೆರಿಕದ ಸಿಡಿಸಿ, ಮೊಟ್ಟೆ ಅಲರ್ಜಿ ಇರುವವರಿಗೆ ಬೇರೆಯವರಿಗಿಂತ ಹೆಚ್ಚಿನ ಎಚ್ಚರಿಕೆ ಬೇಕಿಲ್ಲ ಎಂದು ಹೇಳಿತು. ಪಾಠಯೋಜನೆಯಲ್ಲಿ ಲೋಟದ ಚಟುವಟಿಕೆಯನ್ನು ‘ಅನ್ವೇಷಣೆ’ ಎಂಬ ಅಂಕಣದಲ್ಲಿ ಬರೆದಿದ್ದೆ, 54 ಮಕ್ಕಳನ್ನು ‘ಹೆಚ್ಚುವರಿ ಮಾಹಿತಿ’ ಎಂದು ಕೆಳಗೆ ಸೇರಿಸಿದ್ದೆ. ಅದು ತಿರುಗುಮುರುಗಾಗಿತ್ತು. ಈ ಪಾಠ ಮಾಡುವವರು ಇಂಕಿನ ಪ್ರಯೋಗ ಬಿಟ್ಟರೂ ನಷ್ಟವಿಲ್ಲ, ಕೊಟ್ಟು ನೋಡಿದ ಪುರಾವೆಯನ್ನು ಬಿಡಬಾರದು.

ವಿನಾಯಿತಿಗಳನ್ನೂ ಮುಚ್ಚಿಡಲಿಲ್ಲ. ಆಫ್ರಿಕಾದ ಕೆಲವು ದೇಶಗಳಿಗೆ ಹೋಗುವವರು ಹಾಕಿಸಿಕೊಳ್ಳುವ ಹಳದಿ ಜ್ವರದ ಲಸಿಕೆ ಮೊಟ್ಟೆಯಲ್ಲಿ ತಯಾರಾಗುತ್ತದೆ. ಮೊಟ್ಟೆಯ ತೀವ್ರ ಅಲರ್ಜಿ ಇರುವವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಧನುರ್ವಾಯು, ಗಂಟಲಮಾರಿಯ ಲಸಿಕೆ ತಯಾರಿಸುವಾಗ ಬ್ಯಾಕ್ಟೀರಿಯಾಗಳಿಗೆ ಹಾಲಿನ ಪ್ರೋಟೀನಿನಿಂದ ಮಾಡಿದ ಆಹಾರ ಕೊಡುವುದುಂಟು. ಹಾಲಿನ ಅತಿ ತೀವ್ರ ಅಲರ್ಜಿ ಇದ್ದ ಬೆರಳೆಣಿಕೆಯ ಮಕ್ಕಳಲ್ಲಿ ಪ್ರತಿಕ್ರಿಯೆ ಕಂಡ ವರದಿ 2011ರಲ್ಲಿ ಅಮೆರಿಕದಿಂದ ಬಂದಿದೆ. ಅದರಿಂದ ಹಾಲು ಆಗದ ಮಕ್ಕಳಿಗೆ ಆ ಲಸಿಕೆ ಬೇಡ ಎಂದು ಯಾರೂ ಹೇಳಿಲ್ಲ, ಆದರೆ ಹೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು. ನಾಯಿ ಕಡಿತದ ಲಸಿಕೆಗಳಲ್ಲಿ ಒಂದು ಬಗೆಯನ್ನು ಕೋಳಿ ಭ್ರೂಣದ ಜೀವಕೋಶದಲ್ಲಿ ಬೆಳೆಸುತ್ತಾರೆ. ಇಲ್ಲಿ ಮಾತ್ರ ನಾನು ಧ್ವನಿ ಏರಿಸಿಯೇ ಹೇಳಿದೆ: ಹುಚ್ಚುನಾಯಿ ಕಡಿದಾಗ ಮೊಟ್ಟೆ ಆಗಲ್ಲ ಎಂಬ ಕಾರಣಕ್ಕೆ ಯಾರೂ, ಯಾವತ್ತೂ ಲಸಿಕೆ ತಪ್ಪಿಸಬಾರದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಅಲರ್ಜಿಯಾದರೆ ಅದಕ್ಕೆ ಅಡ್ರಿನಲಿನ್ ಇದೆ.

“ಅಲರ್ಜಿ ಇಲ್ದೋರಿಗೆ ಆಗೋದೇ ಇಲ್ವಾ?” ಎಂದು ಒಬ್ಬ ಕೇಳಿದ. ಯಾರಿಗಾದರೂ ಆಗಬಹುದು, ಬಹಳ ಅಪರೂಪ. ಅಮೆರಿಕದಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಡೋಸುಗಳನ್ನು ನೋಡಿದಾಗ ತೀವ್ರ ಅಲರ್ಜಿ ಸಿಕ್ಕಿದ್ದು 33 ಜನರಲ್ಲಿ, ಹತ್ತು ಲಕ್ಷ ಡೋಸಿಗೆ ಸುಮಾರು 1.3. ಅರ್ಧ ಗಂಟೆ ಕೂರಿಸುವುದು ಎಲ್ಲರನ್ನೂ, ಮೊಟ್ಟೆ ಆಗದವರನ್ನಷ್ಟೇ ಅಲ್ಲ.

ಉಳಿದ ಹತ್ತು ನಿಮಿಷದಲ್ಲಿ ಪಾತ್ರಾಭಿನಯ ಮಾಡಿಸಿದೆ. ಒಬ್ಬಳು ಸಿಸ್ಟರ್, ಒಬ್ಬ ಅಪ್ಪ, ಒಬ್ಬ ಮಗು. ಮಗುವಿನ ಪಾತ್ರದವನಿಗೆ ಎರಡು ಚೀಟಿ ಕೊಟ್ಟಿದ್ದೆ. ಒಂದರಲ್ಲಿ ಸೂಜಿ ನೋಡಿ ಬೆವತು, ಬಿಳಿಚಿಕೊಂಡು ಬೀಳುವುದು; ಮಲಗಿಸಿ ಕಾಲು ಎತ್ತಿದರೆ ಸುಧಾರಿಸಿಕೊಳ್ಳುವುದು. ಇನ್ನೊಂದರಲ್ಲಿ ಗಂಧೆ ಏಳುವುದು, ಮುಖ ಊದುವುದು, ಉಸಿರು ಕಟ್ಟುವುದು. ಮೊದಲನೆಯದು ಹೆದರಿಕೆಯ ತಲೆಸುತ್ತು. ಶಾಲೆಯಲ್ಲಿ ಲಸಿಕೆ ಹಾಕುವಾಗ ನಾವು ಹೆಚ್ಚು ನೋಡುವುದು ಅದನ್ನೇ, ಒಬ್ಬರು ಬಿದ್ದರೆ ಸಾಲಿನಲ್ಲಿ ಇನ್ನಿಬ್ಬರು ಬೀಳುತ್ತಾರೆ. ಎರಡನೆಯದಕ್ಕೆ ಒಂದು ಕ್ಷಣವೂ ಕಾಯುವಂತಿಲ್ಲ. 2017ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಎಂಆರ್ ಅಭಿಯಾನ ನಡೆದಾಗ ವಾಟ್ಸಾಪ್‌ನಲ್ಲಿ ಹರಡಿದ ಪುಕಾರುಗಳಿಗೆ ಹೆದರಿ ಕೆಲವು ತಂದೆತಾಯಿಯರು ಹಿಂಜರಿದದ್ದು ನನಗೆ ನೆನಪಿದೆ. ನನಗೆ ಆಗ 15 ದಾಟಿತ್ತು, ನನ್ನ ತಮ್ಮ ಹಾಕಿಸಿಕೊಂಡ. ತಲೆಸುತ್ತನ್ನೂ ಅಲರ್ಜಿಯನ್ನೂ ಬೇರೆ ಮಾಡಿ ನೋಡಲು ಆಗ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ಮೀನು ತಿಂದರೆ ಗಂಧೆ ಏಳುವ ಒಂದನೇ ತರಗತಿಯ ಮಗುವಿನ ತಾಯಿಗೆ ಡಿಪಿಟಿ ಲಸಿಕೆಯ ದಿನ ಏನು ಹೇಳುತ್ತೀರಿ? ಹೆಚ್ಚಿನವರು ‘ಹಾಕಿಸಿ’ ಎಂದು ಬರೆದರು. ನನಗೆ ಹಿಡಿಸಿದ ಉತ್ತರ ಎರಡೇ ಸಾಲಿನದು: “ಮೀನಿನ ವಿಷಯ ಸಿಸ್ಟರಿಗೆ ಹೇಳಿ. ಹಿಂದಿನ ಸಲ ಸೂಜಿ ಹಾಕಿದಾಗ ಏನಾಗಿತ್ತು ಅಂತಲೂ ಹೇಳಿ, ಹಾಕಿಸಿ ಅರ್ಧ ಗಂಟೆ ಕೂತು ಬನ್ನಿ.”

ಅಜ್ಜಿಯನ್ನು ಒಪ್ಪಿಸಿದ್ದು ನಾನಲ್ಲ, ಮೊಮ್ಮಗಳೇ. ಮನೆಯಲ್ಲಿ ನೋಟ್‌ಬುಕ್ ತೆರೆದು ಓದಿ ಹೇಳಿದಳಂತೆ. ಅಜ್ಜಿ ಪೂರ್ತಿ ಒಪ್ಪಲಿಲ್ಲ, ಬೇಡ ಎನ್ನುವುದನ್ನು ಮಾತ್ರ ನಿಲ್ಲಿಸಿದರು. ಮುಂದಿನ ಗುರುವಾರ ತಾಯಿ ಹುಡುಗನನ್ನು ಕರೆದುಕೊಂಡು ಹೋದರು. ಅಕ್ಕನಿಗಾದದ್ದನ್ನು ವೈದ್ಯರು ಕೇಳಿ ಬರೆದುಕೊಂಡರು. ಎಂಆರ್ ಹಾಕಿದರು. ಹುಡುಗಿಯ ವಿಷಯದಲ್ಲಿ, ತಪ್ಪಿದ ಮೆದುಳು ಜ್ವರದ ಲಸಿಕೆ ಕೊಡಬಹುದೇ ಎಂದು ಮೇಲಿನವರನ್ನು ವಿಚಾರಿಸಿ ತಿಳಿಸುತ್ತೇವೆ, 16ಕ್ಕೆ ಬರುವ ಟಿಡಿ ಮಾತ್ರ ತಪ್ಪಿಸಬೇಡಿ ಎಂದರಂತೆ. ಮೊಟ್ಟೆಯನ್ನು ಮನೆಯಲ್ಲಿ ತಿನ್ನಿಸಿ ಪರೀಕ್ಷೆ ಮಾಡಬೇಡಿ, ಬೇಕಿದ್ದರೆ ಹಾಸನಕ್ಕೆ ಹೋಗಿ ಅಲರ್ಜಿ ತಜ್ಞರನ್ನು ನೋಡಿ ಎಂದೂ ಹೇಳಿ ಕಳಿಸಿದ್ದಾರೆ.

ಅವತ್ತು ನನಗೆ ಒಂಬತ್ತನೇ ತರಗತಿಯ ಪಾಠವಿತ್ತು, ಹೋಗಲಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಲ್ಲುವಾಗ ಅವಳನ್ನು ಕೇಳಿದೆ, ತಮ್ಮ ಹೇಗಿದ್ದಾನೆ ಎಂದು.

“ಅತ್ತ ಮಿಸ್. ಆಮೇಲೆ ಹೊಂಗೆ ಮರದ ಕೆಳಗೆ ಕೂತ್ಕಂಡು ಬಿಸ್ಕೆಟ್ ತಿಂದ. ನಾನೇ ಟೈಮ್ ನೋಡ್ದೆ, ಮೂವತ್ತೈದು ನಿಮಿಷ ಕೂರ್ಸಿದ್ವಿ.”